ಮಾಲ್‌ನಲ್ಲಿ ಕೈತಪ್ಪಿದ ಮಗುವಿಗೆ ಕನ್ನಡ ಮಾತ್ರ ಬರುತ್ತಿದ್ದರೆ?

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿ ಬಿತ್ತೆಂದರೆ ಮಕ್ಕಳನ್ನು ಕರೆದುಕೊಂಡು ಹೋಗಲು ಉಳಿಯುವುದು ಮಾಲ್ ಒಂದೇ. ಒಳಗೆ ಬೆಚ್ಚಗಿರುತ್ತದೆ, ಓಡಾಡಲು ಜಾಗವಿದೆ, ಗಾಡಿಗಳ ಭಯವಿಲ್ಲ. ಮಕ್ಕಳು ಕೊಳ್ಳುಬಾಕರಾಗುತ್ತಾರೆ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ, ಅದು ಇರಲಿ. ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆಯೊಂದಿದೆ. ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದ ಮೂರು ವರ್ಷದ ಮಗು ಆ ಜನಜಂಗುಳಿಯಲ್ಲಿ ಕೈತಪ್ಪಿದರೆ ಯಾರಿಗೆ, ಏನೆಂದು ಹೇಳೀತು?

ಈ ಭಯಕ್ಕೇ ಕೆಲವರು ಮಗುವಿನ ಜೊತೆ ಕನ್ನಡ ಮಾತಾಡುವುದನ್ನು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಶಾಲೆಗೆ ಸೇರಿದ ಮೇಲೆ ಇಂಗ್ಲಿಷ್ ತಾನಾಗಿ ಬರುತ್ತದೆ, ಬಿಟ್ಟ ಕನ್ನಡ ಹಾಗೆ ಬರುವುದಿಲ್ಲ. ಅಲ್ಲಿಯವರೆಗೆ ಆಪತ್ತಿಗೆ ಬೇಕಾದ ಇಂಗ್ಲಿಷ್ ಮೂರೇ ವಾಕ್ಯ: ನಾನು ಕಳೆದುಹೋಗಿದ್ದೇನೆ, ನಮ್ಮಮ್ಮನ ಹೆಸರು ಇದು, ಅವಳ ಫೋನ್ ನಂಬರ್ ಇದು. ನಂಬರನ್ನು ರಾಗ ಹಾಕಿ ಹೇಳಿಕೊಟ್ಟರೆ ನಾಲ್ಕು ವರ್ಷದ ಮಕ್ಕಳು ಬೇಗ ಕಲಿಯುತ್ತಾರೆ. ಆದರೆ ಇಂಗ್ಲಿಷ್ ಅಂಕಿಗಳಲ್ಲೇ ಕಲಿಸಿ. ‘ಒಂಬತ್ತು, ಐದು, ಎರಡು’ ಎಂದರೆ ಅಂಗಡಿಯವರಿಗೆ ತಿಳಿಯುವುದಿಲ್ಲ.

ಹೆಸರಿನ ವಿಷಯಕ್ಕೂ ಗಮನ ಕೊಡಬೇಕು. ಅಮ್ಮನ ಹೆಸರೇನು ಎಂದು ಕೇಳಿದರೆ ಆ ವಯಸ್ಸಿನ ಮಗು ‘ಅಮ್ಮ’ ಎನ್ನುತ್ತದೆ. ನಿನ್ನ ಹೆಸರೇನು ಎಂದರೆ ‘ಪುಟ್ಟಿ’ ಎನ್ನುತ್ತದೆ. ಅದನ್ನೇ ಮೈಕಿನಲ್ಲಿ ಇಲ್ಲಿಯ ಉಚ್ಚಾರದಲ್ಲಿ ಕೂಗಿದರೆ, ಗಾಬರಿಯಲ್ಲಿರುವ ನಿಮಗೆ ಅದು ನಿಮ್ಮ ಮಗುವಿನ ಹೆಸರೆಂದೇ ಹೊಳೆಯದೆ ಹೋಗಬಹುದು. ಹಾಗಾಗಿ ಮುದ್ದಿನ ಹೆಸರಿನ ಜೊತೆಗೆ ಪೂರ್ತಿ ಹೆಸರನ್ನೂ ಬಾಯಿಗೆ ಬರಿಸಿ. ಇನ್ನೂ ಮಾತು ಬಾರದ ಕೂಸಾದರೆ, ನಿಮ್ಮ ನಂಬರ್ ಬರೆದ ಚೀಟಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿಡಿ. ಅಂಗಿಯ ಮೇಲೆ ಎದ್ದುಕಾಣುವಂತೆ ಹೆಸರು ಬರೆಸುವುದು ಬೇಡ. ಹೆಸರು ಹಿಡಿದು ಕರೆದವರನ್ನೆಲ್ಲ ಮಗು ಗುರುತಿನವರೆಂದುಕೊಳ್ಳುತ್ತದೆ.

ಮಾಲ್‌ನಲ್ಲಿ ದಿಕ್ಕು ತಪ್ಪುವುದು ಮಕ್ಕಳಿಗಷ್ಟೇ ಅಲ್ಲ. ಪೂರ್ತಿ ಚಾವಣಿಯ ಕೆಳಗೆ, ಒಳಗಿನ ಹವೆಯನ್ನೂ ಒಂದೇ ಹದದಲ್ಲಿಟ್ಟ ಮೊದಲ ಮಾಲ್ ಎನ್ನುವ ಹೆಸರು ಮಿನ್ನೆಸೋಟದ ಸೌತ್‌ಡೇಲ್‌ಗಿದೆ. ಅದು ತೆರೆದದ್ದು 1956ರಲ್ಲಿ. ವಿನ್ಯಾಸ ಮಾಡಿದವರು ವಿಯೆನ್ನಾದಿಂದ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂನ್. ಯುರೋಪಿನ ಊರ ಚೌಕದಂತೆ ಜನ ಸೇರುವ ಜಾಗವಾಗಲಿ ಎಂಬುದು ಅವರ ಆಸೆ. ಆದರೆ ಒಳಗೆ ಕಾಲಿಟ್ಟವರು ಬಂದ ಕೆಲಸ ಮರೆತು ಸುಮ್ಮನೆ ಸುತ್ತತೊಡಗುವ ಆ ಸ್ಥಿತಿಗೆ ‘ಗ್ರೂನ್ ಟ್ರಾನ್ಸ್‌ಫರ್’ ಎಂದು ಅವರ ಹೆಸರೇ ಅಂಟಿಕೊಂಡಿತು. ಹೊರಗಿನ ಬೆಳಕು ಕಾಣದು, ಬಾಗಿಲುಗಳೆಲ್ಲ ಒಂದೇ ಥರ. ದೊಡ್ಡವರಿಗೇ ಹೀಗಾದರೆ, ಮೂರಡಿ ಎತ್ತರದ ಮಗುವಿನ ಕಣ್ಣಿಗೆ ಬೀಳುವುದು ಬರೀ ಕಾಲುಗಳು, ನೇತುಹಾಕಿದ ಬಟ್ಟೆಗಳ ಅಂಚು.

ಕೈತಪ್ಪಿದರೆ ನಿಂತಲ್ಲೇ ನಿಲ್ಲು, ಜೋರಾಗಿ ಕೂಗು, ಹಣ ತೆಗೆದುಕೊಳ್ಳುವ ಕೌಂಟರಿನವರಿಗೆ ಹೇಳು, ಏನೇ ಆದರೂ ಹೊರಬಾಗಿಲು ದಾಟಬೇಡ ಎಂದು ಮಗುವಿಗೆ ಆಟದಂತೆ ಅಭ್ಯಾಸ ಮಾಡಿಸಿ. ನಮಗೂ ಒಂದು ಅಭ್ಯಾಸ ಬೇಕು. ಮಗು ಕಾಣದಾಗ ನಮ್ಮವರು ಸಂಕೋಚಪಟ್ಟುಕೊಂಡು ತಾವೇ ಅಂಗಡಿಯಿಂದ ಅಂಗಡಿಗೆ ಓಡುತ್ತಾರೆ. ಆ ಸಂಕೋಚ ಖಂಡಿತ ಬೇಡ, ಮೊದಲು ಸಿಬ್ಬಂದಿಗೆ ಹೇಳಿ. 1981ರಲ್ಲಿ ಫ್ಲೋರಿಡಾದ ಮಾಲೊಂದರಿಂದ ಆಡಮ್ ಎಂಬ ಆರು ವರ್ಷದ ಹುಡುಗನ ಅಪಹರಣವಾಗಿ, ಅವನ ಕೊಲೆಯಾಯಿತು. ಅವನ ಹೆಸರಿನಲ್ಲಿ 1994ರಲ್ಲಿ ವಾಲ್‌ಮಾರ್ಟ್ ಶುರುಮಾಡಿದ ‘ಕೋಡ್ ಆಡಮ್’ ಕ್ರಮ ಈಗ ಇಲ್ಲಿಯ ಬಹಳಷ್ಟು ಅಂಗಡಿಗಳಲ್ಲಿದೆ. ಮಗುವಿನ ಚಹರೆ ಬರೆದುಕೊಳ್ಳುತ್ತಾರೆ, ಬಾಗಿಲುಗಳನ್ನು ಕಾಯುತ್ತಾರೆ, 10 ನಿಮಿಷದಲ್ಲಿ ಸಿಗದಿದ್ದರೆ ಪೊಲೀಸರನ್ನು ಕರೆಯುತ್ತಾರೆ. ಅಂಗಿಯ ಬಣ್ಣ, ಶೂ ಯಾವ ಥರದ್ದು ಎಂದೆಲ್ಲ ಕೇಳುತ್ತಾರೆ. ಆ ಗಳಿಗೆಯಲ್ಲಿ ಒಂದೂ ನೆನಪಾಗುವುದಿಲ್ಲ. ಅದಕ್ಕೇ ಕಾರಿನಿಂದ ಇಳಿದ ಕೂಡಲೇ ತಲೆಯಿಂದ ಕಾಲಿನವರೆಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮಗು ಸಿಕ್ಕಾಗ ಬೈಯಬೇಡಿ, ಬೈಗುಳಕ್ಕೆ ಹೆದರಿದ ಮಗು ಇನ್ನೊಂದು ಸಲ ಬಟ್ಟೆಗಳ ಮರೆಯಲ್ಲಿ ಅಡಗಿ ಕೂರುತ್ತದೆ.

ಊರಿಂದ ಅಜ್ಜಿ-ತಾತ ಬಂದಿದ್ದರೆ ಮಗುವನ್ನು ಅವರ ಹತ್ತಿರ ಕೂರಿಸಿ ನಾವು ಅಂಗಡಿ ನುಗ್ಗುವುದುಂಟು. ತಾತನ ಫೋನಿಗೆ ಇಲ್ಲಿಯ ಸಿಮ್ ಇದೆಯೇ? ಇಲ್ಲದಿದ್ದರೆ ಮೊಮ್ಮಗ ಓಡಿದ ಕೂಡಲೇ ಇಬ್ಬರೂ ಕಳೆದುಹೋದಂತೆಯೇ. ಅಗ್ಗದ ಪ್ರೀಪೇಯ್ಡ್ ಸಿಮ್ ಸಾಕು, ನಿಮ್ಮ ನಂಬರನ್ನು ಒಂದೇ ಒತ್ತಿಗೆ ಹೋಗುವ ಹಾಗೆ ಮಾಡಿಕೊಡಿ.

ಎಸ್ಕಲೇಟರಿನ ಅಂಚಿನಲ್ಲಿ ಕಪ್ಪು ಬ್ರಷ್ ಇರುತ್ತದಲ್ಲ, ಅದು ಶೂ ಒರೆಸಲು ಅಲ್ಲ, ಪಕ್ಕದ ಸಂದಿಗೆ ಕಾಲು ಹೋಗದಿರಲಿ ಎಂದು. ಅಜ್ಜಿಯ ಸೀರೆಯ ಅಂಚು, ಮಕ್ಕಳ ಮೆತ್ತನೆಯ ರಬ್ಬರ್ ಚಪ್ಪಲಿ ಸಿಕ್ಕಿಕೊಳ್ಳುವುದು ಅಲ್ಲೇ. ಸಾಮಾನ್ಯವಾಗಿ ಮೇಲೆ, ಕೆಳಗೆ ಎರಡೂ ತುದಿಯಲ್ಲಿ ಎಸ್ಕಲೇಟರನ್ನು ತಟ್ಟನೆ ನಿಲ್ಲಿಸುವ ಕೆಂಪು ಗುಂಡಿ ಇರುತ್ತದೆ. ಹತ್ತುವ ಮೊದಲು ಅದು ಎಲ್ಲಿದೆ ಎಂದು ನೋಡಿಕೊಳ್ಳಿ. ಸ್ಟ್ರೋಲರ್ ಇದ್ದರೆ ಲಿಫ್ಟ್ ಹುಡುಕಿ, ಎರಡು ನಿಮಿಷ ತಡವಾದರೂ ಚಿಂತೆಯಿಲ್ಲ.

ದೊಡ್ಡ ಮಕ್ಕಳು ಗೆಳೆಯರ ಜೊತೆ ಹೋಗುತ್ತೇವೆ ಎಂದು ಹಟ ಹಿಡಿದರೆ, ಮೊದಲು ಆ ಮಾಲ್‌ನ ನಿಯಮ ಓದಿ. ವಾರಾಂತ್ಯದ ಸಂಜೆ 16ಕ್ಕಿಂತ ಕಡಿಮೆ ವಯಸ್ಸಿನವರ ಜೊತೆ ದೊಡ್ಡವರು ಇರಲೇಬೇಕು ಎಂಬ ನಿಯಮವನ್ನು ಮಾಲ್ ಆಫ್ ಅಮೆರಿಕ 1996ರಲ್ಲೇ ತಂದಿತ್ತು. ಬೇರೆ ಕಡೆಯೂ ಇಂಥವು ಇವೆ, ವಯಸ್ಸು ಮತ್ತು ಹೊತ್ತು ಒಂದೊಂದು ಕಡೆ ಒಂದೊಂದು ಥರ.