ಪೆಲ್ವಿಕ್ ಫ್ಲೋರ್‌ಗೆ ಕನ್ನಡದಲ್ಲಿ ಏನನ್ನೋಣ? ಮತ್ತೆ ‘ಸಡಿಲ’ದ ತೊಂದರೆ

ಎಲ್ಲರಿಗೂ ನಮಸ್ಕಾರ. ಬಸುರಿಯರಿಗೆ, ಬಾಣಂತಿಯರಿಗೆ ಅಂತ ಒಂದು ಫಿಸಿಯೋಥೆರಪಿ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ.

ಪೆಲ್ವಿಕ್ ಫ್ಲೋರ್ ಅಂದರೆ, ಮುಂದೆ ಕಿಬ್ಬೊಟ್ಟೆಯ ಕೆಳಗೆ ಕೈಗೆ ತಗಲುವ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಹರಡಿಕೊಂಡಿರುವ ಸ್ನಾಯುಗಳ ಪದರ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಹೊತ್ತಿರುವುದು ಅದೇ. ಬಸಿರಿನಲ್ಲಿ ಅದರ ಮೇಲೆ ತಿಂಗಳುಗಟ್ಟಲೆ ಭಾರ ಬೀಳುತ್ತದೆ, ಹೆರಿಗೆಯಲ್ಲಿ ವಿಪರೀತ ಹಿಗ್ಗುತ್ತದೆ, ಆಮೇಲೆ ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು ಶುರುವಾಗುತ್ತದೆ. ಹೆತ್ತವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಸಿಸೇರಿಯನ್ ಆದವರಿಗೂ ಆಗಬಹುದು.

ಸಿಗುವ ಪದ ‘ಶ್ರೋಣಿ ತಳ’. ಏಳು ತಿಂಗಳ ಬಸುರಿಯೊಬ್ಬರಿಗೆ ಓದಿ ತೋರಿಸಿದೆ. “ಶ್ರೋಣಿ ಅಂದ್ರೆ ಸೊಂಟನಾ?” ಅಂದರು. ಯಾರ ಮೈ ಬಗ್ಗೆ ಬರೆಯುತ್ತಿದ್ದೇವೋ ಅವರಿಗೇ ಜಾಗ ಗೊತ್ತಾಗದಿದ್ದರೆ ಪದ ಇದ್ದೂ ಏನು ಪ್ರಯೋಜನ? ಪೆಲ್ವಿಸ್ ಅಂದರೆ ಲ್ಯಾಟಿನ್‌ನಲ್ಲಿ ಬೋಗುಣಿ. ಜರ್ಮನ್‌ನವರು ಬೆಕೆನ್‌ಬೋಡೆನ್ ಅನ್ನುತ್ತಾರೆ, ಅಂದರೆ ಬೋಗುಣಿಯ ತಳ. ಅವರಿಗೆ ಅದು ಮನೆಮಾತು.

‘ನೆಲ’ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ನೆಲ ಅಲ್ಲಾಡುವುದಿಲ್ಲ. ಇದು ಉಸಿರು ಎಳೆದಾಗ ಇಳಿಯುತ್ತದೆ, ಬಿಟ್ಟಾಗ ಏರುತ್ತದೆ. ‘ಜೋಲಿ’ ಅಂತ ಯೋಚಿಸಿದೆ, ಆಕಾರಕ್ಕೆ ಸರಿಯಾಗಿ ಹೊಂದುತ್ತದೆ, ಆದರೆ ಕೇಳಿದ ಕೂಡಲೇ ‘ಜೋಲು’ ನೆನಪಾಗುತ್ತದಲ್ವಾ? ಜೋತು ಬಿದ್ದಿದೆ ಅನ್ನುವ ಭಯ ಮೊದಲೇ ಇರುವವರಿಗೆ ಆ ಹೆಸರು ಬೇಡ. ಸದ್ಯಕ್ಕೆ ‘ಕಿಬ್ಬೊಟ್ಟೆಯ ತಳ’ ಅಂತ ಬರೆದಿದ್ದೇನೆ. ಆದರೆ ಕಿಬ್ಬೊಟ್ಟೆ ಅಂದಾಗ ಎಲ್ಲರ ಕೈ ಮುಂದಕ್ಕೇ ಹೋಗುತ್ತದೆ, ಹಿಂದಿನ ಅರ್ಧ ಬಿಟ್ಟುಹೋಗುತ್ತದೆ.

ಹೆಸರಿಗಿಂತ ಜಾಸ್ತಿ ಕಷ್ಟವಾಗಿರುವುದು ಕ್ರಿಯಾಪದ. ಈ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮಕ್ಕೆ ಕೆಗೆಲ್ ಅನ್ನುತ್ತಾರೆ, 1948ರಲ್ಲಿ ಇದರ ಬಗ್ಗೆ ಬರೆದ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಅವರ ಹೆಸರು. ‘ಬಿಗಿ ಮಾಡಿ’ ಅಂತ ಬರೆದರೆ ಹೊಟ್ಟೆ, ತೊಡೆ, ಕುಂಡಿ ಎಲ್ಲ ಬಿಗಿ ಮಾಡಿ ಉಸಿರು ಕಟ್ಟಿಕೊಳ್ಳುತ್ತಾರೆ. ಕೆಲವರು ಮುಕ್ಕುತ್ತಾರೆ. ಮುಕ್ಕುವುದು ಹೆರಿಗೆಯ ಕೆಲಸ, ಕೆಳಕ್ಕೆ ತಳ್ಳುವುದು. ಇಲ್ಲಿ ಬೇಕಾದದ್ದು ಸರಿಯಾಗಿ ಅದರ ಉಲ್ಟಾ. ‘ಮೂತ್ರ ತಡೆಯಿರಿ’ ಅಂದರೆ ಮೂತ್ರ ಮಾಡುವಾಗಲೇ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವವರಿದ್ದಾರೆ, ಅದು ರೂಢಿ ಆಗಬಾರದು. ಅದಕ್ಕೆ ‘ಗಾಳಿ ಹೋಗದ ಹಾಗೆ ತಡೆದಂತೆ, ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಿ’ ಅಂತ ಬರೆದೆ. ‘ಸೆಳೆ’ಯಲ್ಲಿ ದಿಕ್ಕು ಇದೆ. ಒಂದು ಸಲಕ್ಕೆ ಕಡಿಮೆ ಅಂದರೆ 8 ಬಾರಿ, ದಿನಕ್ಕೆ 3 ಹೊತ್ತು.

ಸೆಳೆದ ಮೇಲೆ ಪೂರ್ತಿ ಬಿಡಬೇಕು. ಅಲ್ಲೇ ‘ಸಡಿಲ’ ಅಡ್ಡ ಬರುತ್ತದೆ. ನಮ್ಮ ಮಾತಿನಲ್ಲಿ ಬಿಗಿ ಒಳ್ಳೆಯದು, ಸಡಿಲ ಕೆಟ್ಟದ್ದು. ಬಾಣಂತಿಯರ ದೂರೇ “ಎಲ್ಲಾ ಸಡಿಲ ಆಗ್ಬಿಟ್ಟಿದೆ” ಅಂತ. ಅವರಿಗೇ ‘ಸಡಿಲಿಸಿ’ ಅಂತ ಬರೆದರೆ ಮನಸ್ಸು ಬರುವುದಿಲ್ಲ, ಅರ್ಧ ಬಿಗಿಯಲ್ಲೇ ನಿಲ್ಲುತ್ತಾರೆ. ಆದರೆ ಈ ಸ್ನಾಯು ಬಿಗಿ ಜಾಸ್ತಿಯಾಗಿಯೇ ನರಳುವವರಿದ್ದಾರೆ. ಕೂತರೆ ನೋವು, ಗಂಡನ ಜೊತೆ ಮಲಗಿದರೆ ನೋವು, ಮಲ ಮೂತ್ರ ಸಲೀಸಾಗಿ ಹೋಗುವುದಿಲ್ಲ. ಅವರಿಗೆ ಮೊದಲು ಕಲಿಸುವುದೇ ಬಿಡುವುದನ್ನು. ಪದದ ದೆಸೆಯಿಂದ ಅವರೂ ಸುಮ್ನೆ ಬಿಗಿ ಮಾಡುತ್ತಾ ಕೂತರೆ ನೋವು ಹೆಚ್ಚಾಗಬಹುದು. ಇದೇ ಜಾಗವನ್ನು ಒಳಕ್ಕೆ ಸೆಳೆದು ಹಿಡಿಯುವ ಯೋಗದವರ ಮೂಲಬಂಧ ಬಹಳ ಜನಕ್ಕೆ ಗೊತ್ತಿರುವ ಹೆಸರು, ನಿಜ, ಆದರೆ ಅದರಲ್ಲೂ ‘ಬಂಧ’ ಇದೆ, ಬಿಡುಗಡೆ ಇಲ್ಲ. ಮತ್ತೆ ಅದು ಮಾಡುವ ಕೆಲಸದ ಹೆಸರು, ಅಂಗದ್ದಲ್ಲ.

‘ಹಗುರಾಗಿ ಬಿಡಿ’ ಅಂತ ಬರೆಯಲೇ? ಓದಿದವರಿಗೆ ಅದು ‘ನಿಧಾನವಾಗಿ ಬಿಡಿ’ ಅಂತ ಕೇಳಿಸುತ್ತದೋ, ‘ಪೂರ್ತಿ ಬಿಡಿ’ ಅಂತಲೋ? ಹೆರಿಗೆ ಮಾಡಿಸುವ ಹಿರಿಯ ಹೆಂಗಸರ ಬಾಯಲ್ಲಿ ಈ ಜಾಗಕ್ಕೆ, ಈ ಬಿಡುವುದಕ್ಕೆ ಯಾವುದಾದರೂ ಮಾತು ಕೇಳಿದ್ದರೆ, ಒರಟು ಅನಿಸಿದರೂ ಪರವಾಗಿಲ್ಲ, ದಯವಿಟ್ಟು ಇದ್ದ ಹಾಗೇ ಬರೆಯಿರಿ.