‘ನಿಯಂತ್ರಣಮುಕ್ತಿ’ ಎಂದರೆ ಯಾವುದರಿಂದ ಮುಕ್ತಿ?

ತೈಲ ಮತ್ತು ಅನಿಲ ಉದ್ಯಮದ ಕುರಿತ ಬರಹಗಳಲ್ಲಿ ‘ಕಂಟ್ರೋಲ್’, ‘ರೆಗ್ಯುಲೇಶನ್’ ಎರಡಕ್ಕೂ ‘ನಿಯಂತ್ರಣ’ ಎಂದೇ ಬರೆಯುವುದುಂಟು. ಹೀಗಾಗಿ ‘ಡೀರೆಗ್ಯುಲೇಶನ್’ ಎಂಬುದು ‘ನಿಯಂತ್ರಣಮುಕ್ತಿ’ಯಾಗಿ, ಸರ್ಕಾರ ಆ ಉದ್ಯಮದಿಂದ ಪೂರ್ತಿ ಕೈ ತೊಳೆದುಕೊಂಡಿತು ಎಂಬ ಅರ್ಥ ಬರುತ್ತದೆ. ನಡೆದದ್ದು ಹಾಗಲ್ಲವಾದ್ದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಅಮೆರಿಕದ ನೈಸರ್ಗಿಕ ಅನಿಲವನ್ನೇ ನೋಡಬಹುದು. ರಾಜ್ಯದಿಂದ ರಾಜ್ಯಕ್ಕೆ ಅನಿಲ ಒಯ್ಯುವ ಕೊಳವೆಮಾರ್ಗಗಳ ದರವನ್ನು 1938ರ ಕಾಯ್ದೆಯು ಕೇಂದ್ರದ ಆಯೋಗವೊಂದರ ಅಧೀನಕ್ಕೆ ತಂದಿತು. ಹಾಗೆ ಹೊರಹೋಗುವ ಅನಿಲಕ್ಕೆ ಉತ್ಪಾದಕರು ಬಾವಿಯ ಬಳಿ ಪಡೆಯುವ ಬೆಲೆಯೂ ಅದೇ ಆಯೋಗದ ವ್ಯಾಪ್ತಿಗೆ ಸೇರುತ್ತದೆಂದು 1954ರಲ್ಲಿ ಫಿಲಿಪ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬೆಲೆಮಿತಿಯಿಲ್ಲದ ಸ್ವಂತ ರಾಜ್ಯದೊಳಗೆ ಮಾರುವುದೇ ಉತ್ಪಾದಕರಿಗೆ ಲಾಭವೆನಿಸಿ, 1976–77ರ ಚಳಿಗಾಲದಲ್ಲಿ ಹೊರರಾಜ್ಯಗಳ ಶಾಲೆ, ಕಾರ್ಖಾನೆಗಳು ಅನಿಲವಿಲ್ಲದೆ ಬಾಗಿಲು ಹಾಕಬೇಕಾಯಿತು. 1978ರ ಕಾಯ್ದೆ ಮಿತಿಯನ್ನು ಹಂತಹಂತವಾಗಿ ಸಡಿಲಿಸಿತು. ಅಳಿದುಳಿದದ್ದು 1989ರ ಕಾಯ್ದೆಯಂತೆ 1993ರ ಆರಂಭಕ್ಕೆ ತೊಲಗಿತು. ಆದರೆ ಸಾಗಣೆ ದರದ ಮೇಲಿನ ಹಿಡಿತ ತಪ್ಪಲಿಲ್ಲ. ಅದರ ಮೇಲೆ, ಕೊಳವೆಮಾರ್ಗದ ಒಡೆಯರು ಮಾರಾಟವನ್ನು ಸಾಗಣೆಯಿಂದ ಬೇರ್ಪಡಿಸಬೇಕು, ಬೇರೆಯವರ ಅನಿಲವನ್ನೂ ಭೇದವಿಲ್ಲದೆ ಸಾಗಿಸಬೇಕು ಎಂಬ ಆದೇಶ 1992ರಲ್ಲಿ ಹೊರಬಿತ್ತು. ಪೇಟೆಯಲ್ಲಿ ಬೆಲೆ ತಾನಾಗಿ ಕುದುರಬೇಕಾದರೆ ಹೊಸ ಕಟ್ಟುಪಾಡೇ ಬೇಕಾಯಿತು! ಇದನ್ನು ‘ಮುಕ್ತಿ’ ಎನ್ನುವುದು ಹೇಗೆ? (ಆ ಪದಕ್ಕಿರುವ ಮೋಕ್ಷದ ಛಾಯೆಯೂ ಈ ವ್ಯವಹಾರಕ್ಕೆ ಒಗ್ಗದು.)

ಕಚ್ಚಾ ತೈಲದ ಬೆಲೆಯ ಮೇಲೆ ಉಳಿದಿದ್ದ ನಿರ್ಬಂಧಗಳನ್ನು 1981ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ತೆಗೆದುಹಾಕಿದ್ದನ್ನು ಮಾತ್ರ ‘ಬೆಲೆ ನಿಯಂತ್ರಣ ತೆರವು’ ಎಂದು ನಿಸ್ಸಂಕೋಚವಾಗಿ ಬರೆಯಬಹುದು. ಬೆಲೆ ಬಿಟ್ಟಮಾತ್ರಕ್ಕೆ ಬಾವಿಯ ಸುರಕ್ಷತೆಯ ನಿಯಮಗಳು ಹೋಗುವುದಿಲ್ಲ. ಕಡಲಲ್ಲಿ ತೈಲಬಾವಿ ಕೊರೆಯುತ್ತಿದ್ದ ‘ಡೀಪ್‌ವಾಟರ್ ಹೊರೈಜನ್’ ಎಂಬ ತೇಲುವ ಕಟ್ಟೆಯಲ್ಲಿ 2010ರಲ್ಲಿ ಆದ ಸ್ಫೋಟದ ಬಳಿಕ ಅವು ಇನ್ನಷ್ಟು ಬಿಗಿಯಾದವು.

ಹೀಗಾಗಿ ಬೆಲೆ, ಪ್ರಮಾಣಗಳನ್ನು ಸರ್ಕಾರವೇ ಗೊತ್ತುಮಾಡಿದರೆ ‘ನಿಯಂತ್ರಣ’, ನಡೆಯಬೇಕಾದ ರೀತಿಯನ್ನು ವಿಧಿಸಿದರೆ ‘ನಿಯಮನ’, ಅದನ್ನು ಕಡಿಮೆ ಮಾಡಿದರೆ ‘ನಿಯಮ ಸಡಿಲಿಕೆ’ ಎಂದು ಬಳಸಬಹುದೆಂದು ನನಗೆ ತೋರುತ್ತದೆ. ‘ಡೀರೆಗ್ಯುಲೇಶನ್’ಗೆ ಕೆಲವರು ಸೂಚಿಸುವ ‘ವಿನಿಯಂತ್ರಣ’ದಲ್ಲಿ ಒಂದು ತೊಡಕಿದೆ: ಕಾನೂನಿನ ಕನ್ನಡದಲ್ಲಿ ‘ರೆಗ್ಯುಲೇಶನ್ಸ್’ ಎಂಬುದಕ್ಕೆ ‘ವಿನಿಯಮಗಳು’ ಎಂಬ ಪದ ಆಗಲೇ ನೆಲೆಯೂರಿರುವಾಗ, ಒಂದೇ ‘ವಿ’ ಒಂದು ಕಡೆ ಕಟ್ಟುವುದನ್ನೂ ಇನ್ನೊಂದು ಕಡೆ ಬಿಚ್ಚುವುದನ್ನೂ ಸೂಚಿಸಿದಂತಾಗುತ್ತದೆ. ‘ನಿಯಮನ’ ಎಂಬುದು ಈ ಅರ್ಥದಲ್ಲಿ ಯಾವುದಾದರೂ ಅಧಿಕೃತ ಪದಕೋಶದಲ್ಲಿ ಅಥವಾ ಕಾಯ್ದೆಯ ಕನ್ನಡ ಪಾಠದಲ್ಲಿ ಬಳಕೆಯಾಗಿದೆಯೇ? ತಿಳಿದವರು ಆ ವಾಕ್ಯವನ್ನೇ ಉದ್ಧರಿಸಿ ತಿಳಿಸಬೇಕಾಗಿ ಕೋರುತ್ತೇನೆ.