ಡಿಎನ್‌ಎ ಟೆಸ್ಟಿಂದ ಮುತ್ತಜ್ಜನ ಊರು ಗೊತ್ತಾಗುತ್ತಾ?

ಪ್ರಶ್ನೆ: ಮುತ್ತಜ್ಜ ಹಾಸನ ಕಡೆಯವ್ರಂತೆ, ಊರು ಯಾರಿಗೂ ಗೊತ್ತಿಲ್ಲ. ಅಮೆರಿಕದಲ್ಲಿರೋ ಅಕ್ಕ ಎಂಜಲು ಕಳ್ಸಿ ಡಿಎನ್‌ಎ ಟೆಸ್ಟ್ ಮಾಡ್ಸೋ ಕಿಟ್ ತಗೊಳ್ತೀನಿ ಅಂತಿದ್ದಾಳೆ, ಉಪಯೋಗ ಇದ್ಯಾ?

ಉತ್ತರ 1: ಊರೆಲ್ಲ ಹೇಳಲ್ಲ ಗುರು, ಹೆಚ್ಚಾಗಿ ದಕ್ಷಿಣ ಭಾರತದಂಥ ದೊಡ್ಡ ಪ್ರದೇಶ ಬರುತ್ತೆ ಅಷ್ಟೇ, ಅದಕ್ಯಾಕೆ ದುಡ್ಡು. ಮ್ಯಾಚ್ ಲಿಸ್ಟ್ (ಟೆಸ್ಟ್ ಮಾಡ್ಸಿರೋರಲ್ಲಿ ನಿಮ್ಮ ಡಿಎನ್‌ಎ ಜೊತೆ ಹೊಂದೋ ನಂಟರ ಪಟ್ಟಿ) ನೋಡ್ಬೇಕು, ಆದ್ರೆ ನಮ್ಮವ್ರು ಟೆಸ್ಟ್ ಮಾಡ್ಸಿರೋದೇ ಕಮ್ಮಿ.

ಉತ್ತರ 2: ಇನ್ನೊಂದು ತೊಡಕಿದೆ, ಫಸ್ಟ್ ಕಸಿನ್ ಜೊತೆ ಸುಮಾರು 12.5% ಡಿಎನ್‌ಎ ಹೊಂದುತ್ತೆ ಅಂತಾರೆ, ಆದ್ರೆ ನಮ್ಮಲ್ಲಿ ಸೋದರಮಾವನ ಮಗಳು, ಅಕ್ಕನ ಮಗಳು ಅಂತ ತಲೆತಲಾಂತರದಿಂದ ಮದ್ವೆ ಆಗಿರ್ತಾವಲ್ಲ, ಹಂಗಾಗಿ ದೂರದ ನಂಟ್ರೂ ಹತ್ತಿರದವ್ರ ಥರ ಕಾಣ್ತಾರೆ. ಮುತ್ತಜ್ಜ ಅಪ್ಪನ ಅಪ್ಪನ ಅಪ್ಪ ಆಗಿದ್ರೆ ವೈ-ಡಿಎನ್‌ಎ (ಅಪ್ಪನಿಂದ ಮಗನಿಗೆ ಮಾತ್ರ ಬರೋ ಡಿಎನ್‌ಎ) ನೋಡ್ಬೇಕು, ಅಕ್ಕನ ಸ್ಯಾಂಪಲ್ ಆಗಲ್ಲ, ನೀವೋ ಅಪ್ಪನೋ ಕೊಡ್ಬೇಕು.

ಉತ್ತರ 3: ಮೊದ್ಲು ಮನೆದೇವ್ರು ಯಾವ್ದು ಅಂತ ಅಜ್ಜೀನ ಕೇಳಿ, ಆ ದೇವಸ್ಥಾನದ ಸುತ್ತಮುತ್ತಾನೇ ಹುಡುಕಿ. ಫ್ರೀ ಬೇರೆ.